ಹೆಸರಿಗೆ ಲಿಂಗಭೇದವುಂಟೆ? – ಶರಣೆಯರ ನಾಮಗಳ ಒಂದು ವಿವೇಚನೆ

ಮಗುವಿಗೆ ಹೆಸರಿಡುವುದು ನಮ್ಮ ಸಂಸ್ಕಾರಗಳಲ್ಲಿ ಒಂದು. ಇತ್ತೀಚಿನ ವರ್ಷಗಳಲ್ಲಿ ಹೆಣ್ಣುಮಗುವಿಗೆ ಗಂಡಿಗೂ ಹೆಣ್ಣಿಗೂ ಸಮಾನವಾಗಿ ಸಲ್ಲುವ ಹೆಸರನ್ನೇ ಆರಿಸಬೇಕೆಂಬ ಒಲವು ಕೆಲವು ತಂದೆತಾಯಿಗಳಲ್ಲಿ ಕಂಡುಬರುತ್ತಿದೆ. ಶಶಿ, ಮಣಿ, ಕಿರಣ ಮೊದಲಾದವು ಇಂತಹ ಹೆಸರುಗಳು. ಹಿರಿಯರಲ್ಲಿ ಕೆಲವರು ಇದನ್ನು ಪರರ ಅನುಕರಣೆಯೆಂದು ಆಕ್ಷೇಪಿಸುತ್ತಾರೆ. ಕಿರಿಯರಲ್ಲಿ ಕೆಲವರು ಇಂತಹ ಹೆಸರಿನಿಂದಲೇ ಸಮಾನತೆ ಸಿದ್ಧಿಸುವುದೆಂದು ನಂಬುತ್ತಾರೆ. ಈ ಎರಡು ಮಾತುಗಳನ್ನೂ ಹನ್ನೆರಡನೆಯ ಶತಮಾನದ ಶರಣಶರಣೆಯರ ಹೆಸರುಗಳ ಒರೆಗಲ್ಲಿಗೆ ಹಚ್ಚಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಶರಣರ ಹೆಸರುಗಳನ್ನು ಬಿಡಿಸಿ ನೋಡಿದರೆ ಬಹುಮಟ್ಟಿಗೆ ಎರಡು ಭಾಗಗಳು ದೊರೆಯುತ್ತವೆ. ಮೊದಲನೆಯದು ಮೂಲನಾಮ, ಎರಡನೆಯದು ಅದಕ್ಕೆ ಹತ್ತಿದ ಗೌರವದ ಅಥವಾ ಬಂಧುತ್ವದ ಮಾತು. ಅಯ್ಯ, ಅಪ್ಪ, ಅಣ್ಣ, ತಂದೆ ಎಂಬುವು ಪುರುಷರಿಗೆ. ಅಕ್ಕ, ಅವ್ವೆ, ಅಮ್ಮ ಎಂಬುವು ಸ್ತ್ರೀಯರಿಗೆ. ಗಂಡು ಹೆಣ್ಣೆಂಬ ತಿಳಿವಳಿಕೆ ಈ ಎರಡನೆಯ ಭಾಗದಿಂದ ಬರುತ್ತದೆಯೇ ಹೊರತು ಮೂಲನಾಮದಿಂದಲ್ಲ. ಮೇದರ ಕೇತಯ್ಯನ ಹೆಸರಿನಲ್ಲಿರುವ ‘ಕೇತ’ ಎಂಬುದೇ ಕುಂಬಾರ ಗುಂಡಯ್ಯನ ಧರ್ಮಪತ್ನಿ ಕೇತಲದೇವಿಯ ಹೆಸರಿನಲ್ಲಿಯೂ ಇದೆ. ಗಜೇಶ ಮಸಣಯ್ಯನ ‘ಮಸಣ’ವೇ ಎಡೆಮಠದ ನಾಗಿದೇವಯ್ಯನ ಪುಣ್ಯಸ್ತ್ರೀ ಮಸಣಮ್ಮನಲ್ಲಿಯೂ ಇದೆ. ಮಸಣವೆಂದರೆ ಶ್ಮಶಾನ, ಅದು ಶಿವನ ನೆಲೆ. ಶಿವನ ನೆಲೆಯನ್ನು ನೆನೆಯಿಸುವ ಮಾತು ಗಂಡಿಗೆ ಸಲ್ಲಬೇಕೆ ಹೆಣ್ಣಿಗೆ ಸಲ್ಲಬೇಕೆ ಎಂಬ ಪ್ರಶ್ನೆಯೇ ಆ ಜನಕ್ಕೆ ಏಳಲಿಲ್ಲ. ಮಾದಾರ ಚೆನ್ನಯ್ಯನ ‘ಚೆನ್ನ’ ಮುಂದೆ ಕೆಳದಿಯ ಚೆನ್ನಮ್ಮಾಜಿಗೂ, 1824ರಲ್ಲಿ ಆಂಗ್ಲರನ್ನು ಎದುರಿಸಿ ನಿಂತ ಕಿತ್ತೂರಿನ ಚೆನ್ನಮ್ಮನಿಗೂ ಸಂದಿತು.

ಈ ಪದ್ಧತಿ ಗ್ರಂಥಗಳಲ್ಲಿ ಮಾತ್ರ ಉಳಿದುದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಿದ್ದಪ್ಪ–ಸಿದ್ದವ್ವ, ಮಲ್ಲಪ್ಪ–ಮಲ್ಲವ್ವ, ನಿಂಗಪ್ಪ–ನಿಂಗವ್ವ, ಈರಪ್ಪ–ಈರವ್ವ, ಬಸಪ್ಪ–ಬಸವ್ವ ಎಂಬ ಜೋಡಿಗಳನ್ನು ಅರಿಯದವರಾರು? ಮಗು ಹುಟ್ಟುವ ಮೊದಲೇ ಮನೆದೇವರ ಹೆಸರನ್ನು ಮುಡಿಪಿಟ್ಟು, ಹುಟ್ಟಿದ ಮೇಲೆ ‘ಅಪ್ಪ’ ಅಥವಾ ‘ಅವ್ವ’ ಸೇರಿಸಿಕೊಳ್ಳುವುದು ನಮ್ಮ ತಾಯಂದಿರಿಗೆ ಸಹಜವಾಗಿತ್ತು.

ಹಾಗೆಂದು ಎಲ್ಲ ಹೆಸರುಗಳೂ ಹೀಗೆಯೇ ಇದ್ದುವೆಂದು ಹೇಳಲಾಗದು. ಗಂಗಾಂಬಿಕೆ, ನೀಲಲೋಚನೆ, ಮಹಾದೇವಿ ಎಂಬುವು ರೂಪದಿಂದಲೇ ಸ್ತ್ರೀಲಿಂಗಗಳು. ಆದರೆ ಸಂಸ್ಕೃತದ ಈ ಹೆಸರುಗಳ ನಡುವೆ ಅಚ್ಚಗನ್ನಡದ ಹೆಸರುಗಳ ಬಳಕೆಯೂ ವಿಪುಲವಾಗಿದ್ದುದು ಗಮನಾರ್ಹ. ಕೆಲವೆಡೆ ಮೂಲನಾಮವೇ ಮರೆಯಾಗಿ ಬಂಧುತ್ವದ ಮಾತುಗಳೇ ಹೆಸರಾಗಿ ನಿಂತಿವೆ. ಹಡಪದ ಅಪ್ಪಣ್ಣನಲ್ಲಿ ಅಪ್ಪನೂ ಅಣ್ಣನೂ ಇದ್ದಾರೆ. ನೂರಕ್ಕೂ ಹೆಚ್ಚು ವಚನಗಳನ್ನು ರಚಿಸಿದ ಅಕ್ಕಮ್ಮನಲ್ಲಿ ಅಕ್ಕನೂ ಅಮ್ಮನೂ ಇದ್ದಾರೆ. ಈ ಬಂಧುತ್ವವು ವಯಸ್ಸನ್ನು ನೋಡಿ ಬಂದುದೂ ಅಲ್ಲ. ಉಡುತಡಿಯ ಮಹಾದೇವಿ ಕಲ್ಯಾಣಕ್ಕೆ ಬಂದಾಗ ಇನ್ನೂ ಎಳೆಯ ಪ್ರಾಯದವಳು. ಆದರೂ ಅನುಭವಮಂಟಪದ ಹಿರಿಯರಿಗೆಲ್ಲ ಅವಳು ‘ಅಕ್ಕ’ನಾದಳು.

ಹೆಸರಿನ ಈ ರೀತಿಗೆ ಹಿನ್ನೆಲೆಯಾಗಿ ಒಂದು ತತ್ತ್ವವಿದೆ. ದೇಹದ ಕುರುಹುಗಳನ್ನು ಕಂಡು ಲೋಕವು ಹೆಣ್ಣೆಂದೂ ಗಂಡೆಂದೂ ಕರೆಯುವುದು, ಒಳಗಿರುವ ಆತ್ಮಕ್ಕೆ ಆ ಭೇದವಿಲ್ಲ ಎಂಬುದನ್ನು ಜೇಡರ ದಾಸಿಮಯ್ಯನು ನಿಸ್ಸಂದಿಗ್ಧವಾಗಿ ನುಡಿದಿದ್ದಾನೆ. ಗೊಗ್ಗವ್ವೆಯೂ ಸತ್ಯಕ್ಕನೂ ಇದೇ ವಿಚಾರವನ್ನು ತಮ್ಮ ತಮ್ಮ ಮಾತಿನಲ್ಲಿ ಎತ್ತಿಹಿಡಿದಿದ್ದಾರೆ. ವೀರಶೈವರಲ್ಲಿ ಲಿಂಗಧಾರಣೆಯು ಗಂಡುಮಗುವಿಗೂ ಹೆಣ್ಣುಮಗುವಿಗೂ ಒಂದೇ. ಅಂಗದ ಮೇಲಣ ಇಷ್ಟಲಿಂಗದಲ್ಲಿ ಹೆಣ್ಣಿನದು ಗಂಡಿನದು ಎಂಬ ಬೇರೆತನವಿಲ್ಲ. ಆದುದರಿಂದ ಹೆಣ್ಣುಮಗುವಿಗೆ ಸಮಾನನಾಮವನ್ನಿಡುವುದು ಪರರ ಅನುಕರಣೆಯೆಂಬ ಆಕ್ಷೇಪಣೆ ನಿಲ್ಲುವಂತಹುದಲ್ಲ.

ಇನ್ನು ಎರಡನೆಯ ಮಾತು. ಹೆಸರು ಸಮಾನವಾದ ಮಾತ್ರಕ್ಕೆ ಬಾಳು ಸಮಾನವಾಗುವುದೆ? ಇಲ್ಲಿ ವಚನಸಾಹಿತ್ಯದ ಇತಿಹಾಸವೇ ನಮ್ಮನ್ನು ಎಚ್ಚರಿಸುತ್ತದೆ. 1993ರಲ್ಲಿ ಕರ್ನಾಟಕ ಸರ್ಕಾರದಿಂದ ಹೊರಬಂದ ಸಮಗ್ರ ವಚನ ಸಂಪುಟಗಳಲ್ಲಿ ಐದನೆಯದು ಶಿವಶರಣೆಯರ ವಚನಗಳಿಗೆ ಮೀಸಲಾದುದು. ಮೂವತ್ತಕ್ಕೂ ಹೆಚ್ಚು ಮಂದಿ ವಚನಕಾರ್ತಿಯರು ಅಲ್ಲಿದ್ದಾರೆ. ಅವರ ಪಟ್ಟಿಯನ್ನು ಓದುತ್ತ ಹೋದರೆ, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಹಡಪದಪ್ಪಣ್ಣಗಳ ಪುಣ್ಯಸ್ತ್ರೀ ಲಿಂಗಮ್ಮ, ದಸರಯ್ಯಗಳ ಪುಣ್ಯಸ್ತ್ರೀ ವೀರಮ್ಮ ಎಂದು ಗಂಡನ ಹೆಸರು ಮುಂದಾಗಿ ಬರುತ್ತದೆ. ಇವರಿಗಾದರೂ ಸ್ವಂತ ಹೆಸರು ಉಳಿಯಿತು. ಗಜೇಶ ಮಸಣಯ್ಯನ ಧರ್ಮಪತ್ನಿಗೆ ಅದೂ ಉಳಿಯಲಿಲ್ಲ. ಅವಳು ಬರಿಯ ‘ಗಜೇಶ ಮಸಣಯ್ಯಗಳ ಪುಣ್ಯಸ್ತ್ರೀ’. ಅವಳ ಅಂಕಿತವೂ ‘ಮಸಣಯ್ಯಪ್ರಿಯ ಗಜೇಶ್ವರಲಿಂಗ’. ಅವಳ ವಚನಗಳು ನಮ್ಮ ಕೈಯಲ್ಲಿವೆ. ತಾಯಿ ತೊಟ್ಟಿಲಲ್ಲಿ ಕರೆದ ಹೆಸರು ಇಲ್ಲ.

ಇದರಲ್ಲಿರುವ ವಿಪರ್ಯಾಸವನ್ನು ಸಾಹಿತ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಲಕ್ಷಿಸಬೇಕು. ಮಸಣಯ್ಯನು ಶರಣಸತಿ–ಲಿಂಗಪತಿ ಭಾವದಲ್ಲಿ ತನ್ನನ್ನು ಹೆಣ್ಣೆಂದೇ ಭಾವಿಸಿ ಹಾಡಿದ ವಚನಕಾರ. ಗಂಡು ತನ್ನ ಗಂಡುತನವನ್ನು ಕಳೆದು ಸತಿಯ ಮಾತಿನಲ್ಲಿ ನುಡಿದುದು ಉಳಿಯಿತು. ನಿಜವಾದ ಸತಿಯ ಹೆಸರು ಅಳಿಯಿತು. ಅಂಕಿತದಲ್ಲಿ ಪತಿಯ ಹೆಸರನ್ನು ಸೇರಿಸಿಕೊಂಡುದು ಭಕ್ತಿಯಿಂದ. ಅದು ಆ ಶರಣೆಯರ ಆಯ್ಕೆ. ಆಯ್ದಕ್ಕಿ ಲಕ್ಕಮ್ಮನು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂಬ ಅಂಕಿತದಲ್ಲಿ ನುಡಿಯುತ್ತಲೇ, ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಪತಿಯನ್ನು ತಿದ್ದಿದವಳು. ಆದುದರಿಂದ ದೋಷವನ್ನು ಅಂಕಿತದ ಮೇಲೆ ಹೊರಿಸುವಂತಿಲ್ಲ. ಹೇಳಿದವಳ ಹೆಸರನ್ನು ಬರೆದಿಡುವುದು ಅನಾವಶ್ಯಕವೆಂದು ಬಗೆದ ಲೋಕದ ಅಲಕ್ಷ್ಯವೇ ಇಲ್ಲಿಯ ದೋಷ. ‘ಮಸಣ’ ಎಂಬ ಸಮಾನನಾಮವು ನಾಗಿದೇವಯ್ಯನ ಮಡದಿಗೆ ಉಳಿದ ಕಾಲದಲ್ಲಿಯೇ ಮಸಣಯ್ಯನ ಮಡದಿ ಹೆಸರಿಲ್ಲದವಳಾದಳು. ನಾಮದ ಸಮಾನತೆಯೊಂದೇ ರಕ್ಷಣೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಅಲಕ್ಷ್ಯ ಹಳೆಯ ಕಾಲಕ್ಕೆ ಮುಗಿದುದೂ ಅಲ್ಲ. ಮೈಸೂರು ಸೀಮೆಯ ಕಂದಾಯದ ಕಾಗದಪತ್ರಗಳಲ್ಲಿ ಪುರುಷನ ಹೆಸರಿನ ಮುಂದೆ ‘ಬಿನ್’ ಎಂದು ತಂದೆಯ ಹೆಸರನ್ನೂ, ಮದುವೆಯಾದ ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರನ್ನೂ ಬರೆಯುವುದು ರೂಢಿ. ಮದುವೆಯ ದಿನ ಹೆಣ್ಣಿನ ಹೆಸರನ್ನೇ ಬದಲಾಯಿಸುವ ಮನೆತನಗಳೂ ಉಂಟು. ತಂದೆತಾಯಿಗಳು ಎಷ್ಟೇ ವಿಚಾರಮಾಡಿ ಆರಿಸಿದ ಹೆಸರಾದರೂ ಅಲ್ಲಿಗೆ ಕೊನೆಗೊಳ್ಳುತ್ತದೆ. ಮೋಳಿಗೆ ಮಾರಯ್ಯ ದಂಪತಿಗಳ ಕಥೆ ಇದಕ್ಕೆ ಪ್ರತಿಯಾಗಿ ನಿಲ್ಲುತ್ತದೆ. ಕಾಶ್ಮೀರದ ಮಹಾದೇವ ಭೂಪಾಲನೂ ರಾಣಿ ಗಂಗಾದೇವಿಯೂ ಕಲ್ಯಾಣಕ್ಕೆ ಬಂದು ಮಾರಯ್ಯ, ಮಹಾದೇವಿ ಎಂದಾದರೆಂದು ಪರಂಪರೆ ಹೇಳುತ್ತದೆ. ಅಲ್ಲಿ ಹೆಸರು ಬದಲಾದುದು ಇಬ್ಬರದೂ. ಬದಲಾದುದು ಹೊಸ ಬಾಳಿಗಾಗಿ.

ಹಾಗಾದರೆ ಇಂದಿನ ತಂದೆತಾಯಿಗಳು ಮಾಡಬೇಕಾದುದೇನು? ಸಮಾನನಾಮವನ್ನು ಇಡಬಯಸುವವರು ಸಂಕೋಚವಿಲ್ಲದೆ ಇಡಬಹುದು. ಆದರೆ ಹೆಸರನ್ನು ನೋಡಿ ಹೆಣ್ಣೆಂದು ತಿಳಿದರೆ ಅವಕಾಶ ತಪ್ಪೀತೆಂಬ ಅಂಜಿಕೆಯಿಂದ, ಅವಳು ಹೆಣ್ಣೆಂಬುದನ್ನು ಮರೆಸಲು ಹೆಸರನ್ನು ಮುಸುಕಾಗಿ ಹೊದಿಸುವುದು ಶರಣಮಾರ್ಗವಲ್ಲ. ಕೇತಲದೇವಿಯೂ ಮಸಣಮ್ಮನೂ ತಾವು ಹೆಣ್ಣೆಂಬುದನ್ನು ಮರೆಸಿದವರಲ್ಲ. ಹೆಣ್ಣಾಗಿಯೇ ಲಿಂಗವನ್ನು ಪೂಜಿಸಿ, ಹೆಣ್ಣಾಗಿಯೇ ಅನುಭಾವವನ್ನು ನುಡಿದವರು. ಆತ್ಮಕ್ಕೆ ಭೇದವಿಲ್ಲವೆಂಬ ಅರಿವಿನಿಂದ ಇಟ್ಟ ಹೆಸರು ಬೇರೆ, ಹೆಣ್ಣುತನಕ್ಕೆ ನಾಚಿ ಇಟ್ಟ ಹೆಸರು ಬೇರೆ.

ಇಟ್ಟ ಮೇಲೆ ಆ ಹೆಸರನ್ನು ಕಾಪಾಡುವುದು ಅದಕ್ಕಿಂತ ದೊಡ್ಡ ಕರ್ತವ್ಯ. ಶಾಲೆಯ ದಾಖಲೆಯಲ್ಲಿ, ಮನೆಯ ಪತ್ರದಲ್ಲಿ, ಮಠದ ದಾಸೋಹದ ಪಟ್ಟಿಯಲ್ಲಿ ಅವಳ ಹೆಸರು ಅವಳದಾಗಿಯೇ ಬರಬೇಕು. ಅವಳು ದುಡಿದುದು, ಬರೆದುದು, ನೀಡಿದುದು ಅವಳ ಹೆಸರಿನಲ್ಲಿಯೇ ನಿಲ್ಲಬೇಕು. ಎಂಟುನೂರು ವರ್ಷಗಳ ಹಿಂದೆ ಒಬ್ಬ ಶರಣೆಯ ಹೆಸರನ್ನು ನಾವು ಕಳೆದುಕೊಂಡೆವು. ನಮ್ಮ ಮನೆಯ ತೊಟ್ಟಿಲಲ್ಲಿರುವ ಮಗುವಿನ ಹೆಸರು ಹಾಗಾಗದಂತೆ ನೋಡಿಕೊಳ್ಳುವುದು ಆ ತಾಯಿಗೆ ನಾವು ಸಲ್ಲಿಸಬಹುದಾದ ಶರಣು.