ಮೂರು ತಿಂಗಳ ತಾಲೀಮು, ಒಂದು ರಾತ್ರಿಯ ಆಟ

ಬಯಲಾಟದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಟ್ಟದಿಂದ ಶುರುಮಾಡುತ್ತಾರೆ. ಕಂಬ ನೆಟ್ಟು ಹಲಗೆ ಹಾಸಿದ ಅಟ್ಟ, ಭುಜಕೀರ್ತಿ, ಕಿರೀಟ, ಗೆಜ್ಜೆಯ ಕುಣಿತಕ್ಕೆ ಅದುರುವ ಹಲಗೆ, ಬೆಳ್ಳಿ ಮೂಡುವ ತನಕ ಎದ್ದು ಕೂತ ಊರು: ವರ್ಣನೆಗೆ ಇಷ್ಟೆಲ್ಲ ಒದಗಿದ ಮೇಲೆ ಕಣ್ಣು ಬೇರೆ ಕಡೆ ಹೋಗುವುದು ಕಷ್ಟ. ಆದರೆ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ದೊಡ್ಡಾಟದ ಚರಿತ್ರೆಯನ್ನು ಅಟ್ಟದಿಂದ ಹೇಳಿದರೆ ಅರ್ಧವನ್ನಷ್ಟೇ ಹೇಳಿದಂತಾಗುತ್ತದೆ. ಅಟ್ಟದ ಮೇಲಿನದು ಒಂದು ರಾತ್ರಿ. ಅದರ ಹಿಂದೆ ಎರಡು ಮೂರು ತಿಂಗಳ ತಾಲೀಮು. ಉಂಡು ಕೈತೊಳೆದ ಗಂಡಸರು ಗುಡಿಯ ಪೌಳಿಯಲ್ಲೋ ಶಾಲೆಯ ಜಗಲಿಯಲ್ಲೋ ಸೇರಿ, ತಮ್ಮ ತಮ್ಮ ಪಾತ್ರದ ಹೆಸರಿನಲ್ಲೇ ಒಬ್ಬರನ್ನೊಬ್ಬರು ಕೆಣಕುತ್ತ, ನಗುತ್ತ, ಜಗಳವಾಡುತ್ತ ಕಳೆದ ರಾತ್ರಿಗಳವು. ನೋಡುವವರಿಗಾಗಿ ಕಟ್ಟಿದ ಕಲೆಯೆಂದು ನಾವು ದಾಖಲಿಸಿಕೊಂಡದ್ದು ಮೂಲದಲ್ಲಿ ಆಡುವವರು ತಮಗಾಗಿ ಕಟ್ಟಿಕೊಂಡ ಕೂಟ ಎಂಬುದು ನನ್ನ ವಾದ.

ಮೊದಲ ಸಾಕ್ಷಿ ದುಡ್ಡಿನದು. ವೃತ್ತಿ ಕಂಪನಿಯಲ್ಲಿ ನಟನಿಗೆ ಸಂಬಳ ಸಿಗುತ್ತದೆ, ನೋಡುವವನು ಟಿಕೆಟ್ ಕೊಳ್ಳುತ್ತಾನೆ. ಹಳ್ಳಿಯ ಆಟದಲ್ಲಿ ಲೆಕ್ಕ ತಿರುಗುಮುರುಗು. ನೋಡುವವನಿಗೆ ಆಟ ಪುಕ್ಕಟೆ, ಪಾತ್ರ ಮಾಡುವವನೇ ಹಣ ಕೊಡಬೇಕು. ಕಥೆ ಕಲಿಸುವ ಮೇಷ್ಟ್ರ ಸಂಭಾವನೆ, ವೇಷದ ಸಾಮಾನಿನ ಬಾಡಿಗೆ, ಹಿಮ್ಮೇಳದವರ ಖರ್ಚು ಎಲ್ಲವೂ ಊರಪಟ್ಟಿಯಿಂದ ಮತ್ತು ಪಾತ್ರಧಾರಿಗಳ ಪಾಲಿನಿಂದ ಹುಟ್ಟಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ಪಾಲು. ಕರ್ಣನೋ ಕೌರವನೋ ಆಗಲು ಒಬ್ಬ ರೈತ ಸುಗ್ಗಿಯ ದುಡ್ಡಿನಲ್ಲಿ ಒಂದಿಷ್ಟನ್ನು ತೆಗೆದಿಡುತ್ತಿದ್ದ. ಆಟದ ರಾತ್ರಿ ಬೀಗರು ನೆಂಟರು ಅಟ್ಟ ಹತ್ತಿ ನೋಟಿನ ಹಾರ ಹಾಕುತ್ತಿದ್ದರು, ಬಟ್ಟೆ ಮುಯ್ಯಿ ಮಾಡುತ್ತಿದ್ದರು. ಅದು ಗೌರವ ತರುತ್ತಿತ್ತು, ಹಾಕಿದ ದುಡ್ಡನ್ನು ತಂದುಕೊಡುತ್ತಿರಲಿಲ್ಲ. ಒಬ್ಬ ಮನುಷ್ಯ ಕೈಯಿಂದ ಖರ್ಚು ಮಾಡಿ, ತಿಂಗಳುಗಟ್ಟಲೆ ನಿದ್ದೆಗೆಟ್ಟು, ಒಂದೇ ಒಂದು ರಾತ್ರಿ ಕುಣಿಯುತ್ತಾನೆಂದರೆ ಅವನಿಗೆ ಸಿಗುತ್ತಿದ್ದ ಸುಖವೆಲ್ಲ ಆ ಒಂದೇ ರಾತ್ರಿಯದೆಂದು ನಂಬುವುದು ಕಷ್ಟ. ನಿದ್ದೆಗೆಟ್ಟ ರಾತ್ರಿಗಳಲ್ಲೂ ಅವನಿಗೆ ಏನೋ ಸಿಗುತ್ತಿತ್ತು.

ಸಿಗುತ್ತಿದ್ದದ್ದು ಮಾತು. ತಾಲೀಮಿನಲ್ಲಿ ಮೇಷ್ಟ್ರು ಪದ ಹೇಳಿಕೊಡುತ್ತಾರೆ, ಹೆಜ್ಜೆ ತಿದ್ದುತ್ತಾರೆ. ಅಷ್ಟು ಬಿಟ್ಟರೆ ಉಳಿದ ಹೊತ್ತೆಲ್ಲ ಕೂಟದ್ದೇ. ಭೀಮನ ಪಾತ್ರದವನು ತಾಳ ತಪ್ಪಿದರೆ ದುಶ್ಶಾಸನ ಕುಳಿತಲ್ಲಿಂದಲೇ ಸವಾಲು ಹಾಕುತ್ತಾನೆ. ಕೃಷ್ಣನ ಪಾತ್ರದವನು ಸಾಲ ತೀರಿಸಿಲ್ಲವೆಂಬ ಸುದ್ದಿ ಕುರುಕ್ಷೇತ್ರದ ಸಂಧಾನದ ನಡುವೆ ನುಸುಳುತ್ತದೆ. ಪಾತ್ರವಿಲ್ಲದವರೂ ಬಂದು ಕೂರುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಎಲ್ಲರ ಮಾತೂ ಬಹುಪಾಲು ಎಲ್ಲರಿಗೂ ಬಾಯಿಪಾಠವಾಗಿ, ಹೊಲದಲ್ಲಿ ಎದುರುಬದುರಾದರೂ ವಚನದ ಧಾಟಿಯಲ್ಲೇ ಸಂಬೋಧನೆ ನಡೆಯುತ್ತದೆ. ಒಮ್ಮೆ ಕೌರವನಾದವನು ಊರಿಗೆ ಬದುಕಿನುದ್ದಕ್ಕೂ ಕೌರವನೇ. ಈ ಕುಶಾಲಿಗೆ ಹೊರಗಿನವನು ನಗಲಾರ, ನಗಬೇಕಾದರೆ ಕಥೆಯೂ ಗೊತ್ತಿರಬೇಕು, ಆಡುವವನ ಮನೆತನವೂ ಗೊತ್ತಿರಬೇಕು. ಕರ್ಣಪರ್ವ, ಗಿರಿಜಾ ಕಲ್ಯಾಣ, ಬಾಣಾಸುರ, ದ್ರೌಪದಿ ವಸ್ತ್ರಾಪಹರಣದಂಥ ಕಥೆಗಳನ್ನು ಊರು ಮತ್ತೆ ಮತ್ತೆ ಆಡಿದ್ದರ ಒಂದು ಕಾರಣ ಇದೇ ಇರಬೇಕು. ಹೊಸ ಕಥೆಯಲ್ಲಿ ಎಲ್ಲರೂ ಕೇಳುಗರಾಗಿಬಿಡುತ್ತಾರೆ, ಬಲ್ಲ ಕಥೆಯಲ್ಲಿ ಎಲ್ಲರಿಗೂ ಬಾಯಿ ಹಾಕುವ ಹಕ್ಕಿರುತ್ತದೆ.

ತಾಲೀಮಿನ ಈ ಗುಣವನ್ನು ಅಟ್ಟದ ಮೇಲಕ್ಕೂ ಹೊತ್ತು ತಂದವನು ಸಾರಥಿ. ಗಣಪತಿ ಸ್ತುತಿ ಮುಗಿದು ಪಾತ್ರಗಳು ಒಂದೊಂದಾಗಿ ಬರತೊಡಗಿದಾಗ, ಬಂದವರನ್ನು ನೀವು ಯಾರು, ಯಾವ ದೇಶದವರು, ಬಂದ ಕಾರಣವೇನು ಎಂದು ವಿಚಾರಿಸುವುದು ಅವನ ಕೆಲಸ. ರಾಜ ತನ್ನ ವಂಶಾವಳಿಯನ್ನು ಗ್ರಂಥದ ಕನ್ನಡದಲ್ಲಿ ಗುಡುಗುತ್ತಾನೆ. ಸಾರಥಿ ಊರ ಮಾತಿನಲ್ಲಿ ಮರುನುಡಿಯುತ್ತಾನೆ. ಒಂದೇ ಅಟ್ಟದ ಮೇಲೆ ಎರಡು ಕನ್ನಡಗಳು ಹೀಗೆ ಮುಖಾಮುಖಿಯಾಗಿ, ಹಸ್ತಿನಾವತಿಯ ನಡುವೆ ಕೊಟ್ಟೂರಿನ ತೇರು, ಮೈಲಾರದ ಕಾರಣಿಕ, ಶೇಂಗಾದ ಧಾರಣೆ ಎಲ್ಲಕ್ಕೂ ಜಾಗ ಸಿಗುತ್ತದೆ. ಸಾರಥಿ ಕಥೆ ನಡೆಸುವವನೂ ಹೌದು, ಕಥೆಯನ್ನು ತಡೆದು ನಿಲ್ಲಿಸುವವನೂ ಹೌದು. ಆಟಗಾರನಿಗೆ ಮಾತು ಮರೆತಾಗ ಪ್ರಶ್ನೆಯ ರೂಪದಲ್ಲೇ ನೆನಪು ಮಾಡಿಕೊಡುತ್ತಾನೆ, ಬೀಗುವವನನ್ನು ಒಂದು ಮಾತಿನಲ್ಲಿ ನೆಲಕ್ಕಿಳಿಸುತ್ತಾನೆ. ಅವನನ್ನು ಹಾಸ್ಯಪಾತ್ರ ಎಂದಷ್ಟೇ ಕರೆದು ಮುಂದೆ ಸಾಗುವ ವಿಮರ್ಶೆ ನನಗೆ ಒಪ್ಪಿಗೆಯಾಗುವುದಿಲ್ಲ. ಕೂಟವೊಂದನ್ನು ಆಟದೊಳಗೆ ಹಿಡಿದಿಡುವ ಯಜಮಾನಿಕೆ ಅವನದು.

ಇಂಥ ಯಜಮಾನಿಕೆ ಬೇರೆಡೆಯೂ ಹುಟ್ಟಿದೆ, ಹುಟ್ಟಿದ ಬಗೆ ನಮ್ಮ ಚರ್ಚೆಗೆ ಬೆಳಕು ಕೊಡುತ್ತದೆ. ಅಮೆರಿಕದ ಮಿನಿಯಾಪೊಲಿಸ್ ಸುತ್ತಿನಲ್ಲಿ 1960ರ ದಶಕದಲ್ಲಿ ಮೇಜಿನ ಮೇಲೆ ಸೈನಿಕರ ಗೊಂಬೆ ಇಟ್ಟು ಯುದ್ಧದಾಟ ಆಡುವ ಗುಂಪೊಂದಿತ್ತು. ಆ ಆಟದ ಬೇರು 1824ರ ಹೊತ್ತಿಗೆ ಪ್ರಷ್ಯಾದ ಸೇನಾಧಿಕಾರಿಗಳಿಗಾಗಿ ರೂಪುಗೊಂಡ ಯುದ್ಧಾಭ್ಯಾಸದ ಆಟದಲ್ಲಿದೆ. 1969ರಲ್ಲಿ ಡೇವಿಡ್ ವೆಸ್ಲಿ ಎಂಬುವನು ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಊರನ್ನು ಇಟ್ಟುಕೊಂಡು, ದಂಡುಗಳ ಬದಲು ಒಬ್ಬೊಬ್ಬ ಆಟಗಾರನಿಗೆ ಒಬ್ಬೊಬ್ಬ ವ್ಯಕ್ತಿಯ ಪಾತ್ರ ಕೊಟ್ಟ. ಯುದ್ಧ ಶುರುವಾಗಲೇ ಇಲ್ಲ. ಆಟಗಾರರು ಮೂಲೆಮೂಲೆಯಲ್ಲಿ ಗುಂಪುಗೂಡಿ ತಮ್ಮ ಪಾತ್ರಗಳಾಗಿಯೇ ಚೌಕಾಶಿ, ಪಿತೂರಿ, ಕೀಟಲೆಗೆ ಇಳಿದರು. ಆಟ ಕೆಟ್ಟಿತೆಂದು ವೆಸ್ಲಿ ಬೇಸರಪಟ್ಟರೆ, ಆಡಿದವರು ಅಂಥದ್ದೇ ಇನ್ನೊಂದು ಬೇಕೆಂದು ಪಟ್ಟುಹಿಡಿದರು. ಆ ಗುಂಪಿನ ಡೇವ್ ಆರ್ನೆಸನ್ ಮುಂದೆ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಪಾತ್ರವಾಗಿ ಮಾತಾಡುತ್ತಾರೆ, ಸಂಶಯ ಬಂದಲ್ಲಿ ದಾಳ ತೀರ್ಪು ಕೊಡುತ್ತದೆ. ನೋಡುವವರೆಂಬ ವರ್ಗವೇ ಅಲ್ಲಿಲ್ಲ. ಇಂದು ಬೆಂಗಳೂರಿನಲ್ಲೂ ಇದನ್ನು ಆಡುವ ಗೆಳೆಯರ ಗುಂಪುಗಳಿವೆ. ವಾರಕ್ಕೊಮ್ಮೆ ಸೇರುವ ಅವರನ್ನು ಒಟ್ಟಿಗೆ ಹಿಡಿದಿಡುವುದೂ ನಿಯಮದ ಪುಸ್ತಕಕ್ಕಿಂತ ಹೆಚ್ಚಾಗಿ ಆ ಪರಸ್ಪರ ಕೀಟಲೆ, ಎಲ್ಲರೂ ಬಲ್ಲ ಕಥೆಗಳ ನಂಟು.

ಎಲ್ಲಿಯ ಬ್ರೌನ್‌ಸ್ಟೈನ್, ಎಲ್ಲಿಯ ಕೂಡ್ಲಿಗಿ ಎಂದು ಯಾರಾದರೂ ಕೇಳಬಹುದು. ಎರಡಕ್ಕೂ ವಂಶದ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಪ್ರೇಕ್ಷಕರೇ ಇಲ್ಲದೆ ಪಾತ್ರವಹಿಸುವ ಸುಖ ಮನುಷ್ಯರನ್ನು ವರ್ಷಗಟ್ಟಲೆ ಕೂಡಿಸಿ ಇಡಬಲ್ಲದು ಎಂಬುದಕ್ಕೆ ಅದು ಸ್ವತಂತ್ರ ಸಾಕ್ಷಿ, ಅಷ್ಟೆ. ನಮ್ಮ ನೆಲದಲ್ಲೇ ಇದಕ್ಕಿಂತ ಹಳೆಯ ಸುಳಿವೊಂದಿದೆ. ಕೊಟ್ಟೂರಿನಿಂದ ಈಶಾನ್ಯಕ್ಕೆ, ಬಳ್ಳಾರಿ ಜಿಲ್ಲೆಯ ಕುರುಗೋಡು ಸೋಮಸಮುದ್ರದ ಲಕ್ಷ್ಮೀನಾರಾಯಣ ದೇವಾಲಯದ 1556ರ ಶಾಸನ ತಾಳಮದ್ದಳೆಯ ಕಲಾವಿದರಿಗೆ ಭೂಮಿ ಬಿಟ್ಟುಕೊಟ್ಟದ್ದನ್ನು ಹೇಳುತ್ತದೆ. ತಾಳಿಕೋಟೆಯ ಯುದ್ಧಕ್ಕೆ ಇನ್ನೂ ಒಂಬತ್ತು ವರ್ಷವಿದ್ದ ಕಾಲ ಅದು. ಯಕ್ಷಗಾನದ ಚರಿತ್ರೆ ಬರೆಯುವವರು ಈ ಶಾಸನವನ್ನು ಮೊದಲ ಲಿಖಿತ ಆಧಾರವೆಂದು ಎತ್ತಿಹಿಡಿಯುತ್ತಾರೆ. ಇಂದು ತಾಳಮದ್ದಳೆ ಕರಾವಳಿಯ, ಮಲೆನಾಡಿನ ಸೊತ್ತು: ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರುಬದುರು ಕೂತು ಪಾತ್ರವಾಗಿ ವಾದಿಸುತ್ತಾರೆ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಕೂತಲ್ಲೇ ವಾಲಿಯಾಗಿ, ರಾವಣನಾಗಿ ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕಿದ ಪರಂಪರೆ ಅದು. ಶಾಸನದ ತಾಳಮದ್ದಳೆ ಇದೇ ಬಗೆಯದಾಗಿತ್ತು ಎಂದು ಖಚಿತವಾಗಿ ಹೇಳಲಾಗದು, ಬರಿಯ ತಾಳ ಮತ್ತು ಮದ್ದಳೆಯ ಮೇಳವನ್ನಷ್ಟೇ ಅದು ಸೂಚಿಸಿರಲೂಬಹುದು. ಈ ಆಕ್ಷೇಪಣೆಗೆ ತೂಕವಿದೆ. ಆದರೂ ಬಯಲುಸೀಮೆಯ ಅತಿ ಹಳೆಯ ದಾಖಲೆ ಕಿರೀಟವನ್ನಾಗಲಿ ಅಟ್ಟವನ್ನಾಗಲಿ ಹೇಳದೆ, ಗುಡಿಯಲ್ಲಿ ಕೂತು ನಡೆಸಬಹುದಾದ ಕೂಟವೊಂದರ ವಾದ್ಯಗಳನ್ನು ಹೇಳುತ್ತಿದೆ. ವೇಷಕ್ಕಿಂತ ಕೂಟವೇ ಹಳೆಯದೆಂದು ಸಾಧಿಸಲು ಇಷ್ಟೇ ಸಾಲದು, ಆ ಸಾಧ್ಯತೆಯನ್ನು ತಳ್ಳಿಹಾಕದಿರಲು ಸಾಕು.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಟ್ಟಿಯಾದದ್ದು. ದಾಳದ ಆಟದಲ್ಲಿ ಮುಂದೇನಾಗುವುದೋ ಯಾರಿಗೂ ಗೊತ್ತಿರುವುದಿಲ್ಲ. ದೊಡ್ಡಾಟದಲ್ಲಿ ಕರ್ಣ ಸಾಯಲೇಬೇಕು, ಪದಗಳು ಕೈಬರಹದ ಪುಸ್ತಕದಲ್ಲಿ ಬರೆದಿಟ್ಟಂತೆಯೇ ಬರಬೇಕು. ಹಾಗಿರುವಾಗ ಅದನ್ನು ಆಟಗಾರರ ಸ್ವಾತಂತ್ರ್ಯದ ಕೂಟವೆನ್ನುವುದು ಹೇಗೆ? ಕಥೆಯ ಅಂತ್ಯವೊಂದೇ ಸ್ವಾತಂತ್ರ್ಯದ ಅಳತೆಯಾದರೆ ಈ ಮಾತು ನಿಜ. ಆದರೆ ಕೂಟದಲ್ಲಿ ಪಣಕ್ಕೆ ಬಿದ್ದಿರುವುದು ಕರ್ಣನ ಸಾವಲ್ಲ. ಸಾಯುವ ಮುನ್ನ ಅವನು ಕೃಷ್ಣನಿಗೆ ಏನು ಕೇಳಿದ, ಶಲ್ಯನಿಗೆ ಹೇಗೆ ತಿರುಗಿ ಹೇಳಿದ, ಸಾರಥಿಯ ಅಡ್ಡಪ್ರಶ್ನೆಗೆ ತಡಬಡಾಯಿಸಿದನೋ ಇಲ್ಲವೋ ಎಂಬುದು ಪಣ. ಅಂತ್ಯ ಗೊತ್ತಿರುವುದರಿಂದಲೇ ಗಮನವೆಲ್ಲ ನುಡಿಯ ಮೇಲೆ ನಿಲ್ಲುತ್ತದೆ. ಈ ಸೀಮೆಗೆ ಹತ್ತಿರದ ಕುಮಾರರಾಮನ ಕಥೆಯೂ ಹಾಗೆಯೇ. ಕಂಪಿಲಿಯ ರಾಜಕುಮಾರ 1327ರ ಹೊತ್ತಿಗೆ ದಿಲ್ಲಿಯ ಸೇನೆಯೆದುರು ಮಡಿದನೆಂಬುದು ಎಲ್ಲರೂ ಬಲ್ಲ ಸಂಗತಿ, ಆದರೂ ಅವನ ಕಥೆ ಸಾಂಗತ್ಯವಾಗಿ, ಹಾಡಾಗಿ, ಆಟವಾಗಿ ಮತ್ತೆ ಮತ್ತೆ ಹೊರಟಿದೆ. ದೊಡ್ಡಾಟ ಮಳೆಗಾಗಿ, ಬೆಳೆಗಾಗಿ, ಜಾತ್ರೆಗಾಗಿ ಹೊತ್ತ ಹರಕೆಯಲ್ಲವೇ ಎಂದೂ ಕೇಳುವವರಿದ್ದಾರೆ. ಹೌದು, ಹರಕೆಯೇ. ದೇವರಿಗೆ ಸಲ್ಲಬೇಕಾದದ್ದು ಒಂದು ರಾತ್ರಿಯ ಆಟ. ಅದರ ನೆಪದಲ್ಲಿ ಊರು ಮೂರು ತಿಂಗಳ ಸಹವಾಸವನ್ನು ತನಗೆ ಗಳಿಸಿಕೊಳ್ಳುತ್ತಿತ್ತು. ಭಕ್ತಿ ಮತ್ತು ಕುಶಾಲು ಒಂದೇ ಪೌಳಿಯಲ್ಲಿ ಕೂರಬಾರದೆಂಬ ಕಟ್ಟಳೆಯನ್ನು ಈ ಸೀಮೆಯವರು ಯಾವತ್ತೂ ಮಾಡಿಕೊಂಡಂತಿಲ್ಲ. ಹಂಪಿಯ ಗುಡಿಗಳ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮನೆಗಳೂ ಅದನ್ನೇ ಹೇಳುತ್ತವೆ.

ಈ ಕೂಟದ ಗಡಿಗಳನ್ನು ಮುಚ್ಚಿಟ್ಟರೆ ಚರಿತ್ರೆ ಸುಳ್ಳಾಗುತ್ತದೆ. ತಾಲೀಮಿನ ಜಗಲಿ ಗಂಡಸರದು, ಬಹಳ ಕಡೆ ಒಂದು ಓಣಿಯ, ಒಂದು ಜಾತಿಯ ಗಂಡಸರದು. ದೂರ ಇಡಲ್ಪಟ್ಟ ಕೇರಿಯವರು ತಮ್ಮ ಮೇಳವನ್ನು ತಾವೇ ಕಟ್ಟಿಕೊಂಡರು, ಒಳ್ಳೆಯ ಆಟಗಾರರನ್ನೂ ಕೊಟ್ಟರು. ಹೆಣ್ಣುಪಾತ್ರಗಳನ್ನು ಮೊದಲು ಗಂಡಸರೇ ಮಾಡುತ್ತಿದ್ದರು. ವೃತ್ತಿಯಿಂದ ವಕೀಲನಾಗಿದ್ದು ಹವ್ಯಾಸದಿಂದ ರಂಗಕ್ಕಿಳಿದ ಬಳ್ಳಾರಿ ರಾಘವ (1880–1946) ಹೆಣ್ಣುಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಪಟ್ಟಣದಲ್ಲಿ ವಾದಿಸಿದ. ಹಳ್ಳಿಗಳಿಗೆ ಈ ಬದಲಾವಣೆ ಬಂದದ್ದು ಬೇರೆ ದಾರಿಯಿಂದ, ಮರಿಯಮ್ಮನಹಳ್ಳಿಯಂಥ ಊರುಗಳ ಕಲಾವಿದೆಯರು ಹಳ್ಳಿಯ ಆಟ, ನಾಟಕಗಳಿಗೆ ಗೊತ್ತಾಗಿ ಬರತೊಡಗಿದಾಗ. ಅವರಲ್ಲಿ ಹಲವರು ದೇವದಾಸಿ ಮನೆತನದವರು. ಉಳಿದವರೆಲ್ಲ ಹಣ ಕೊಟ್ಟು ಆಡುವ ಜಾಗದಲ್ಲಿ ಈಕೆಯೊಬ್ಬಳು ಹಣಕ್ಕಾಗಿ ಆಡುವವಳು. ಕೊನೆಯ ತಾಲೀಮಿಗೆ ಬಂದು, ಎಲ್ಲ ಕಥೆಗಳ ದ್ರೌಪದಿಯನ್ನೂ ಬಾಯಲ್ಲಿಟ್ಟುಕೊಂಡು, ಮೂರು ತಿಂಗಳು ಕಲಿತವರನ್ನು ಒಂದೇ ರಾತ್ರಿಯಲ್ಲಿ ಮೀರಿಸುತ್ತಿದ್ದ ಈಕೆಯ ಪಾಲಿಗೆ ಆ ಕೂಟದ ಕೀಟಲೆ ಎಷ್ಟೋ ಸಲ ಕೀಟಲೆಯಾಗಿ ಉಳಿಯುತ್ತಿರಲಿಲ್ಲ. ಸಮಾನರ ನಡುವೆ ಮಾತ್ರ ಕುಶಾಲು ಕುಶಾಲಾಗಿರುತ್ತದೆ. ದೊಡ್ಡಾಟವನ್ನು ಊರಿನ ಒಗ್ಗಟ್ಟಿನ ಚಿತ್ರವೆಂದು ಹಾಡಿಹೊಗಳುವವರು ಈ ಕಲಾವಿದೆಯರ ಮಾತನ್ನೂ ಕೇಳಬೇಕು.

ದೊಡ್ಡಾಟ ಇಳಿಮುಖವಾದದ್ದಕ್ಕೆ ಸಿನಿಮಾ, ಟಿ.ವಿ.ಗಳನ್ನು ದೂರುವುದು ರೂಢಿ. ಅಟ್ಟದಿಂದ ನೋಡಿದರೆ ಆ ದೂರು ಸರಿಯೆನಿಸುತ್ತದೆ, ಏಕೆಂದರೆ ಅವು ಪ್ರೇಕ್ಷಕರನ್ನು ಸೆಳೆದವು. ತಾಲೀಮಿನಿಂದ ನೋಡಿದರೆ ಕಾರಣ ಬೇರೆ ಕಾಣುತ್ತದೆ. ಅಟ್ಟಕ್ಕೆ ಬೇಕಾದದ್ದು ಒಂದು ರಾತ್ರಿ, ಅದಕ್ಕಾಗಿ ಎಲ್ಲಿದ್ದವರೂ ಬಸ್ಸು ಹತ್ತಿ ಊರಿಗೆ ಬರಬಹುದು. ತಾಲೀಮಿಗೆ ಬೇಕಾದದ್ದು ಮೂರು ತಿಂಗಳು ಒಂದೇ ಊರಲ್ಲಿ ಇರುವ ಇಪ್ಪತ್ತು ಗಂಡಾಳು. ತುಂಗಭದ್ರೆಯ ಕಾಲುವೆಯ ನೀರು 1953ರಿಂದ ಹೊಸಪೇಟೆ, ಸಿರುಗುಪ್ಪ ಕಡೆಯ ಗದ್ದೆಗಳಿಗೆ ಹರಿಯಿತು. ಕೊಟ್ಟೂರು, ಕೂಡ್ಲಿಗಿಯ ಬಹುಪಾಲು ಹೊಲಗಳು ಮಳೆಯನ್ನೇ ನಂಬಿ ಉಳಿದವು. ಜೋಳ, ಶೇಂಗಾ ಒಕ್ಕಿದ ಮೇಲೆ ಕೈಗೆ ಬರುತ್ತಿದ್ದ ಬಿಡುವೇ ತಾಲೀಮಿನ ಬಂಡವಾಳವಾಗಿತ್ತು. ಅದೇ ಬಿಡುವಿನ ತಿಂಗಳುಗಳಲ್ಲಿ ಜನ ಬೆಂಗಳೂರಿನ ಕಟ್ಟಡಗಳಿಗೆ, ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೊರಟಾಗ ಜಗಲಿ ಖಾಲಿಯಾಯಿತು. ಕೌರವ ಒಂದೂರಲ್ಲಿ, ಭೀಮ ಇನ್ನೊಂದೂರಲ್ಲಿ ದುಡಿಯುತ್ತಿರುವಾಗ ಇಬ್ಬರ ಜಗಳ ಎಲ್ಲಿ ನಡೆಯಬೇಕು?

ಬಯಲಾಟಕ್ಕೆಂದೇ ಬಾಗಲಕೋಟೆಯಲ್ಲಿ ಪ್ರತ್ಯೇಕ ಅಕಾಡೆಮಿಯಿದೆ, ಹಂಪಿಯಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯವಿದೆ, 2021ರಿಂದ ಈ ಐದೂ ತಾಲ್ಲೂಕುಗಳು ವಿಜಯನಗರವೆಂಬ ಒಂದೇ ಜಿಲ್ಲೆಯಲ್ಲಿವೆ. ಪ್ರದರ್ಶನಕ್ಕೆ ಸಹಾಯಧನ, ಹಸ್ತಪ್ರತಿಗಳ ಸಂಗ್ರಹ, ಉತ್ಸವದ ವೇದಿಕೆಯ ಮೇಲೆ ಅರ್ಧ ಗಂಟೆಯ ಆಟ, ಇವೆಲ್ಲ ಬೇಕಾದವೇ. ಆದರೆ ಅರ್ಧ ಗಂಟೆಯ ಆಟದಲ್ಲಿ ಮೊದಲು ಕತ್ತರಿ ಬೀಳುವುದು ಸಾರಥಿಯ ಮಾತಿಗೆ. ಕೈಬರಹದ ಪುಸ್ತಕಗಳಲ್ಲಿ ಪದಗಳೂ ವಚನಗಳೂ ಉಳಿದಿವೆ, ಆ ಮಾತು ಬಹುಪಾಲು ಅಲ್ಲೂ ಬರೆದಿಲ್ಲ. ಯಾವ ಊರಲ್ಲಿ ಯಾವ ವರ್ಷ ಯಾರು ಯಾವ ಪಾತ್ರಕ್ಕೆ ಎಷ್ಟು ಪಾಲು ಹಾಕಿದರು, ತಾಲೀಮು ಎಲ್ಲಿ ಕೂರುತ್ತಿತ್ತು, ಯಾರನ್ನು ಒಳಗೆ ಬಿಡುತ್ತಿರಲಿಲ್ಲ, ಸಾರಥಿ ಯಾವ ರಾಜನನ್ನು ಏನೆಂದು ಕೆಣಕಿದ, ಆ ರಾಜ ಏನು ಮರುನುಡಿದ ಎಂಬುದನ್ನು ಹೇಳಬಲ್ಲವರು ಈಗ ಎಪ್ಪತ್ತು ದಾಟಿದವರು. ಅವರ ಎದುರು ಕೂತು ಬರೆದುಕೊಳ್ಳುವ ಕೆಲಸ ಹಸ್ತಪ್ರತಿ ಹುಡುಕುವ ಕೆಲಸಕ್ಕಿಂತ ಮೊದಲು ಆಗಬೇಕು, ಹಸ್ತಪ್ರತಿ ಇನ್ನೂ ಕೆಲವು ವರ್ಷ ಕಾಯುತ್ತದೆ.