ಹಬ್ಬದ ಹೊರಗೆ ನಿಂತವನು

ಶೇಕ್ಸ್‌ಪಿಯರನ ಸುಖಾಂತ ನಾಟಕಗಳಲ್ಲಿ ಸುಖವು ಎಲ್ಲರ ಪಾಲಿಗೂ ಬರುವುದಿಲ್ಲ. ಮದುವೆಯ ಸಂಭ್ರಮದ ಅಂಚಿನಲ್ಲಿ ಅಸೂಯೆಯಿಂದ ಕುದಿಯುವ ಕುಹಕಿಯೊಬ್ಬನು ನಿಂತಿರುತ್ತಾನೆ. 'ಮಚ್ ಅಡೂ ಅಬೌಟ್ ನಥಿಂಗ್' ನಾಟಕದ ಡಾನ್ ಜಾನನು ರಾಜಕುಮಾರನ ಅನೌರಸ ಸಹೋದರ. ಮದುವೆಯೊಂದನ್ನು ಕೆಡಿಸಲು ನಿರಪರಾಧಿ ಕನ್ಯೆಯ ಮೇಲೆ ಅಪವಾದ ಹೊರಿಸುತ್ತಾನೆ. ಕೊನೆಗೆ ಅವನು ಸೆರೆಸಿಕ್ಕ ಸುದ್ದಿ ಬಂದಾಗ, ಶಿಕ್ಷೆಯ ವಿಚಾರವನ್ನು ನಾಳೆಗೆ ಬಿಟ್ಟು ಉಳಿದವರು ಕುಣಿಯುತ್ತಾರೆ. 'ದ ಮರ್ಚೆಂಟ್ ಆಫ್ ವೆನಿಸ್'ನ ಶೈಲಾಕನ ಗತಿ ನಮ್ಮನ್ನು ಇನ್ನೂ ಆಳವಾಗಿ ಕಲಕುತ್ತದೆ. ಅವಮಾನ ಉಂಡ ಯೆಹೂದ್ಯನ ಸೇಡನ್ನು ನ್ಯಾಯಸ್ಥಾನವು ಮುರಿದು, ಅವನು ಕ್ರೈಸ್ತನಾಗಬೇಕೆಂದು ವಿಧಿಸಿ, ಅದನ್ನೇ ಕರುಣೆಯೆನ್ನುತ್ತದೆ. ಬಲವಂತದ ದೀಕ್ಷಾಸ್ನಾನವನ್ನು ಕೃಪೆಯೆಂದು ನಾವು ಒಪ್ಪಲಾರೆವು.

1611ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ರಾತ್ರಿ, ಒಂದನೆಯ ಜೇಮ್ಸ್ ದೊರೆಯ ಆಸ್ಥಾನದಲ್ಲಿ 'ದ ಟೆಂಪೆಸ್ಟ್' ಪ್ರದರ್ಶನಗೊಂಡಿತು. ಅಲ್ಲಿ ಪ್ರಾಸ್ಪೆರೊ ತನ್ನ ರಾಜ್ಯ ಕಸಿದ ತಮ್ಮ ಆಂಟೋನಿಯೋನನ್ನು ಕ್ಷಮಿಸುತ್ತಾನೆ. ತಮ್ಮನು ಆ ಕ್ಷಮೆಗೆ ಒಂದು ಮಾತನ್ನೂ ಮರಳಿ ಹೇಳುವುದಿಲ್ಲ. ದ್ವೀಪವನ್ನು ಕಳೆದುಕೊಂಡು ಸೌದೆ ಹೊರುವ ಕ್ಯಾಲಿಬನ್ನನು ಸಂಚು ಹೂಡಿದವನಾದರೂ ಕೊನೆಯಲ್ಲಿ ಕೃಪೆಯನ್ನು ಅರಸಲು ನಿಶ್ಚಯಿಸುತ್ತಾನೆ.

ಈ ನಾಟಕವನ್ನು 1930ರಲ್ಲಿ 'ಬಿರುಗಾಳಿ'ಯಾಗಿ ಕನ್ನಡಕ್ಕೆ ತಂದವರು ಕುವೆಂಪು. ಅವರು 1904ರಲ್ಲಿ ಹುಟ್ಟಿದ್ದು ನಮ್ಮ ಚಿಕ್ಕಮಗಳೂರು ಜಿಲ್ಲೆಯದೇ ಆದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. 1949ರಲ್ಲಿ ಪ್ರಕಟವಾಗತೊಡಗಿದ 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಅವರು ಮತ್ತೊಬ್ಬ ಸಂಚುಗಾರ್ತಿಯನ್ನು ಕೈಬಿಡದೆ ಕಂಡರು. ಅವರ ಮಂಥರೆಯ ಕುಹಕಕ್ಕೆ ಮೂಲವು ಕೈಕೆ ಮತ್ತು ಭರತರ ಮೇಲಿನ ಮಮತೆ. ಪಶ್ಚಾತ್ತಾಪಗೊಂಡ ಆಕೆ ರಾಮನನ್ನು ಅರಸಿ ಅಡವಿಗೆ ಹೋಗಿ ಕಾಳ್ಗಿಚ್ಚಿನಲ್ಲಿ ಬೇಯುತ್ತಾಳೆ. ಕವಿಯು ದೋಷವನ್ನು ಮುಚ್ಚಲಿಲ್ಲ. ಅದರ ಹಿಂದಿನ ನೋವನ್ನು ಕೇಳಿದನು.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿಯೂ ಹಬ್ಬದ ಮನೆಯ ಹೊರಗೆ ಒಬ್ಬನು ಸಿಟ್ಟಿನಿಂದ ನಿಂತಿದ್ದಾನೆ. ಅವನು ಹಿರಿಯ ಮಗ. ತಂದೆಯು ವಾದ್ಯಘೋಷವನ್ನು ಬಿಟ್ಟು ಹೊರಗೆ ಬಂದು, ಅವನ ದೂರನ್ನು ಪೂರ್ತಿಯಾಗಿ ಕೇಳಿ, ಬೇಡಿಕೊಳ್ಳುತ್ತಾನೆ. ಮಗನು ಒಳಗೆ ಬಂದನೋ ಇಲ್ಲವೋ ಎಂಬುದನ್ನು ಸಾಮ್ಯವು ಹೇಳುವುದಿಲ್ಲ. ಬಾಗಿಲು ಮಾತ್ರ ತೆರೆದೇ ಇದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿಮಲೆಗಳಲ್ಲಿ ತೋಟದ ಧಣಿಯನ್ನೂ ಲೈನ್ ಮನೆಯ ಆಳನ್ನೂ ಒಂದೇ ಕರ್ತನ ಮೇಜಿಗೆ ಕರೆಯುವ ಸಭೆಗೆ ಈ ಪ್ರಶ್ನೆ ದೂರದ್ದಲ್ಲ. ಕಹಿ ಮನಸ್ಸಿನವನನ್ನು ಕುಹಕಿಯೆಂದು ಹೊರಗಿಟ್ಟರೆ ನಮ್ಮ ಹಬ್ಬವು ಸುಗಮವಾಗಿ ಸಾಗೀತು. ಆದರೆ ತಂದೆಯು ಆಗ ನಮ್ಮೊಂದಿಗೆ ಒಳಗಿರುವನೇ, ಅಥವಾ ಹೊರಗೆ ಅವನೊಂದಿಗೆ ನಿಂತಿರುವನೇ?