ಡ್ಯಾಮಿನ ಲೆಕ್ಕ ಊರಿಗೆ ಬಂದ ಬಗೆ



ಆದೋನಿ, ರಾಯದುರ್ಗದ ಸೀಮೆಯಲ್ಲಿ ಮುಂಗಾರು ಹಿಡಿಯಿತೆಂದರೆ ಅರಳಿಕಟ್ಟೆಯ ಮೇಲೆ ಒಂದೇ ಮಾತು. ಒಬ್ಬರು "ಡ್ಯಾಮಿಗೆ ನೀರು ಎಷ್ಟು ಬಂತು?" ಎಂದರೆ, ಪಕ್ಕದವರು "ನೀಳ್ಳು ಎಂತ ವಚ್ಚಿನಾಯಿ?" ಎನ್ನುತ್ತಾರೆ. ಉತ್ತರ ಮಾತ್ರ ಎರಡೂ ಭಾಷೆಗೆ ಒಂದೇ ಅಂಕಿ. ಭತ್ತ ನಾಟಿ ಮಾಡುವುದೋ ಬಿಡುವುದೋ ಎಂಬುದು ಆ ಅಂಕಿಯ ಮೇಲೆ ನಿಂತಿದೆ.

ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದಾಗ ಎಡದಂಡೆ ಹೈದರಾಬಾದಿನದು, ಬಲದಂಡೆ ಮದರಾಸಿನದು. 1953ರ ಜುಲೈನಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಹೊಸಪೇಟೆ ಮೈಸೂರಿಗೆ ಬಂದವು. ಡ್ಯಾಮು ಒಂದು ರಾಜ್ಯದಲ್ಲಿ, ಕಾಲುವೆಯ ಕೊನೆ ಇನ್ನೊಂದು ರಾಜ್ಯದಲ್ಲಿ! "ಮೇಲಿನವರು ನೀರು ಬಿಡಲಿಲ್ಲ" ಎಂಬ ಅನುಮಾನಕ್ಕೆ ಇಷ್ಟು ಸಾಕಲ್ಲವೇ? ಹೀಗೆಂದೇ ಎರಡು ರಾಜ್ಯಕ್ಕೂ ಸೇರಿದ ತುಂಗಭದ್ರಾ ಮಂಡಳಿ ಏರ್ಪಟ್ಟಿತು.

ಮುಂದೆ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಜಲಾಶಯದ 212 ಟಿ.ಎಂ.ಸಿ. ನೀರಿನಲ್ಲಿ ಕರ್ನಾಟಕಕ್ಕೆ 138.99, ಅಂದಿನ ಆಂಧ್ರಪ್ರದೇಶಕ್ಕೆ 73.01 ಎಂದು ಪಾಲು ಮಾಡಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಆದರೆ ಪಾಲು ಬರೆದ ಮಾತ್ರಕ್ಕೆ ನೀರು ಬಂದೀತೇ? ಮೊದಲು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 2008ರ ಸರ್ವೆಯಲ್ಲಿ ಸುಮಾರು 101ಕ್ಕೆ ಇಳಿದಿತ್ತು. ಆಮೇಲಿನ ಸರ್ವೆ ಸುಮಾರು 105.8 ಎಂದಿತು. ಈ ಲೆಕ್ಕ ಹೊರಬಿದ್ದ ಮೇಲೆ "ನೀರು ಕದ್ದವರು ಯಾರು?" ಎಂಬ ಜಗಳದ ಪಕ್ಕದಲ್ಲೇ "ಹೂಳಿಗೆ ಏನು ಮಾಡೋಣ?" ಎಂಬ ಪ್ರಶ್ನೆಯೂ ಎದ್ದಿತು. ಆ ಪ್ರಶ್ನೆ ಎರಡೂ ಕಡೆಯ ರೈತರದು.

ಬಹುಕಾಲ ಈ ಅಂಕಿಗಳು ನಮಗೆ ಪತ್ರಿಕೆ, ರೇಡಿಯೋ ಹೇಳಿದಷ್ಟೇ ತಿಳಿಯುತ್ತಿದ್ದವು. 2005ರ ಮಾಹಿತಿ ಹಕ್ಕು ಕಾಯ್ದೆ, ಜನ ಕೇಳುವ ಮುಂಚೆಯೇ ಮಾಹಿತಿ ಪ್ರಕಟಿಸುವುದು ಕಚೇರಿಗಳ ಕರ್ತವ್ಯ ಎಂದಿತು. 2012ರಲ್ಲಿ ಕೇಂದ್ರ ಸರ್ಕಾರ ತನ್ನ ಅಂಕಿಅಂಶಗಳನ್ನು ಜನರ ಮುಂದಿಡುವ ನೀತಿಯನ್ನೇ ತಂದಿತು. ಈಗ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ದಿನವೂ ಮೊಬೈಲಿನಲ್ಲಿ ಸಿಗುತ್ತವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಡ್ಯಾಮಿನ ಮಟ್ಟ ಇಳಿಯುವುದನ್ನು ಗಡಿಯ ಎರಡೂ ಕಡೆಯವರು ಒಂದೇ ಲೆಕ್ಕದಲ್ಲಿ ಕಂಡರು.

ಅಂಕಿ ನೀರಾಗದು, ನಿಜ. ಡ್ಯಾಮು ತುಂಬಿದ ವರ್ಷವೂ ಕೊನೆಯ ತೂಬು ಒಣಗಿರಬಹುದು. ಆಗ ಡ್ಯಾಮಿನಲ್ಲಿ ಎಷ್ಟಿದೆ ಎಂದಷ್ಟೇ ಕೇಳಬೇಡಿ. ಗಡಿಯಲ್ಲಿ ಎಷ್ಟು ದಾಟಿತು, ನಮ್ಮ ತೂಬಿಗೆ ಎಷ್ಟು ಬಂತು ಎಂದೂ ಕೇಳಿ. ಕನ್ನಡದಲ್ಲಿ ಕೇಳಿ, ತೆಲುಗಿನಲ್ಲಿ ಕೇಳಿ. ಲೆಕ್ಕ ಕೈಯಲ್ಲಿಟ್ಟುಕೊಂಡು ಕೇಳಿ.